ಮಲ್ಲಯ್ಯ ಇಸ್ಕೊಂಡ ನೋವು

ಶ್ರೀಶೈಲಕ್ಕೆ ನಡೆದು ಹೋಗಿ ಬಂದವರಿಗೆ ಬನಹಟ್ಟಿಯ ನಮ್ಮ ನೇಕಾರರ ಓಣಿಯಲ್ಲಿ ಮೂರು ದಿನ ರಜೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಮೀರುವವರೂ ಇಲ್ಲ. ಮಗ್ಗ ಮುಟ್ಟುವಂತಿಲ್ಲ, ಕಸಬರಿಗೆ ಹಿಡಿಯುವಂತಿಲ್ಲ. ಬಿಸಿನೀರು, ಹೋಳಿಗೆ, ನಿದ್ದೆ, ಅಷ್ಟೇ. ಬೆಟ್ಟ ಹತ್ತಿ ಬಂದ ಕಾಲಿಗೆ ಓಣಿಯ ಹೆಂಗಸರು ಹಣೆ ಹಚ್ಚಿ ಹೋಗುತ್ತಾರೆ. ಖರೆ ಹೇಳಬೇಕೆಂದರೆ ನಾನು ಶ್ರೀಶೈಲದ ಮಲ್ಲಯ್ಯನಿಗಿಂತ ಆ ಮೂರು ದಿನಗಳ ದೊಡ್ಡ ಭಕ್ತೆ. ಆ ಮೂರು ದಿನಗಳಲ್ಲೇ ನನ್ನ ಅವ್ವನ ಕಾಲು ಕೆಟ್ಟಿತು.

ಅವ್ವನ ಕಾಲೆಂದರೆ ನಮ್ಮ ಮನೆಯ ಅನ್ನ. ಅಪ್ಪ ತೀರಿಕೊಂಡ ಮೇಲೆ ಕುಣಿಮಗ್ಗದ ಮುಂದೆ ಕೂತು, ನೆಲದೊಳಗಿನ ಕುಣಿಗೆ ಕಾಲು ಇಳಿಬಿಟ್ಟು, ಎಡಬಲದ ಪಟ್ಟಿಗಳನ್ನು ತುಳಿಯುತ್ತ, ಸೀರೆ ನೇಯ್ದು ನನ್ನನ್ನು ಓದಿಸಿದಳು. ಅಕ್ಕಪಕ್ಕದ ಮನೆಗಳಲ್ಲೆಲ್ಲ ಪಾವರ್‌ಲೂಮಿನ ಗದ್ದಲ ಶುರುವಾದರೂ ಅವಳು ಕೈಮಗ್ಗ ಬಿಡಲಿಲ್ಲ. "ಕಾಲು ನಡಿಯೂ ತನಕ ಮಗ್ಗ ನಡೀತೈತಿ" ಅನ್ನುತ್ತಿದ್ದಳು. ಮಗಳಿಗೆ ನೌಕರಿ ಸಿಕ್ಕರೆ ನಡೆದು ಬರುತ್ತೇನೆಂದು ಮಲ್ಲಯ್ಯನಿಗೆ ಹರಕೆ ಹೊತ್ತಿದ್ದಳು. ನಾನು ರಬಕವಿಯ ಕನ್ನಡ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರಾಗಿ ಸೇರಿದ ಮರುವರ್ಷ, ಹೋಳಿ ಹುಣ್ಣಿಮೆ ಮುಗಿಸಿಕೊಂಡು, ಓಣಿಯವರ ಜೊತೆ ಇಬ್ಬರೂ ಹೊರಟೆವು.

ಬಯಲಿನ ದಾರಿ ಹೇಗೋ ಸವೆಯಿತು. ಕಷ್ಟವೆಲ್ಲ ಕೊನೆಯ ಕಾಡಿನಲ್ಲಿ. ಭೀಮನಕೊಳ್ಳದಲ್ಲಿ ಇಳಿಯುವಾಗ ತೊಡೆ ನಡುಗಿದರೆ, ಹತ್ತುವಾಗ ಮೊಳಕಾಲು ಎದೆಗೆ ಬಡಿಯುತ್ತದೆ. ನನ್ನ ಅಂಗಾಲಿನ ಬೊಕ್ಕೆಗಳು ಒಡೆದು, ಹೆಜ್ಜೆಗೊಮ್ಮೆ ಪ್ರಾಣ ಬಾಯಿಗೆ ಬರುತ್ತಿತ್ತು. ಒಂದು ಬಂಡೆಯ ಮೇಲೆ ಕೂತು ಮಕ್ಕಳ ಹಾಗೆ ಅತ್ತುಬಿಟ್ಟೆ. ಅವ್ವ ಮಾತ್ರ ಮುಂದೆ ಮುಂದೆ ನಡೆಯುತ್ತಿದ್ದಳು. ನೀರು ಕಂಡಲ್ಲೆಲ್ಲ ನಿಂತು ತಂಬಿಗೆಗಟ್ಟಲೆ ಕುಡಿಯುತ್ತಿದ್ದಳು. ಬಿಸಿಲಿನ ನೀರಡಿಕೆ ಎಂದುಕೊಂಡೆ.

ಏರಿನ ನಡುವೆ ಅವಳ ಕಾಲ ಕಡೆ ನೋಡಿದವಳು ಕೇಳಿದೆ, "ಯವ್ವಾ, ಬಲಗಾಲಿನ ಚಪ್ಪಲಿ ಎಲ್ಲೈತಿ ಬೇ?"

ಅವಳು ಬಗ್ಗಿ ನೋಡಿಕೊಂಡಳು. "ಅಯ್ಯ ಶಿವನ! ಎಲ್ಲಿ ಬಿತ್ತೋ ಏನೋ, ಗೊತ್ತ ಆಗಿಲ್ಲ ನೋಡು."

ಹಿಂದಿನಿಂದ ಬಂದವರೊಬ್ಬರು ಆ ಚಪ್ಪಲಿಯನ್ನು ಎತ್ತಿಕೊಂಡು ಬಂದರು. ಬಹಳ ಕೆಳಗೆ, ಹಳ್ಳದ ಹತ್ತಿರ ಬಿದ್ದಿತ್ತಂತೆ. ಬರಿಗಾಲಿನ ಹರಕೆಯವರು ನೆರಳಿನಿಂದ ನೆರಳಿಗೆ ಓಡುತ್ತಿದ್ದ ಹೊತ್ತು ಅದು. ಅಷ್ಟು ದಾರಿಯನ್ನು ಅವ್ವ ಕಾದ ಬಂಡೆಯ ಮೇಲೆ ಒಂದು ಬರಿಗಾಲಲ್ಲಿ ನಡೆದಿದ್ದಳು. ದಾರಿಯಲ್ಲಿ ನಮ್ಮ ಗುಂಪಿಗೆ ಕೂಡಿಕೊಂಡ ಬೀಳಗಿ ಕಡೆಯ ಒಬ್ಬ ಮುದುಕರಿದ್ದರು, ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಮುಳುಗಿ ಹೊಸ ಊರಿಗೆ ಬಂದವರು. ಅವರು ಅವ್ವನ ಅಂಗಾಲು ಮುಟ್ಟಿ ನೋಡಿ ಕೈಮುಗಿದರು.

"ನಿನ್ನ ನೋವು ಮಲ್ಲಯ್ಯ ಇಸ್ಕೊಂಡಾನ ತಂಗಿ. ಎಲ್ಲಾರದೂ ಇಸ್ಕೊಳ್ಳೂದಿಲ್ಲ ಅಂವ."

ಯಾತ್ರೆಯಲ್ಲಿ ಈ ಮಾತಿಗೆ ಬಹಳ ತೂಕ. ನೋವು ಇಸ್ಕೊಳ್ಳುವುದೆಂದರೆ ದೇವರು ಕೈಚಾಚಿ ನಮ್ಮ ಕಷ್ಟವನ್ನು ತಾನು ಪಡೆದುಕೊಂಡ ಹಾಗೆ. ಸುದ್ದಿ ಗುಂಪಿನ ತುಂಬ ಹರಡಿತು. ಹೆಂಗಸರು ಅವ್ವನ ಕೈಯಿಂದ ವಿಭೂತಿ ಹಚ್ಚಿಸಿಕೊಂಡರು. ನನಗೆ ಹೊಟ್ಟೆಕಿಚ್ಚಾಯಿತು. ಹರಕೆ ನನ್ನ ನೌಕರಿಗಾಗಿ, ಬೊಕ್ಕೆಯೂ ನನಗೇ, ಆಶೀರ್ವಾದ ಮಾತ್ರ ಅವಳಿಗೆ. ಐದನೆಯ ಇಯತ್ತೆಯ ಮಕ್ಕಳಿಗೆ ಚರ್ಮದ ಪಾಠ ಮಾಡಿ, ಬಿಸಿ ತಣ್ಣಗೆ ಗೊತ್ತಾಗುವುದು ಯಾತರಿಂದ ಎಂದು ಪ್ರಶ್ನೆ ಕೇಳುತ್ತಿದ್ದವಳು ನಾನು. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಅನ್ನುತ್ತಾರಲ್ಲ, ನನ್ನಲ್ಲಿ ಆ ಮುಕ್ಕಾಲು ಇರಲಿಲ್ಲ.

ದರ್ಶನ ಮುಗಿಸಿ ಬಸ್ಸಿನಲ್ಲಿ ಮರಳಿದೆವು. ಲೋಕಾಪುರ ದಾಟಿದ ಮೇಲೆ ಅವ್ವನಿಗೆ ಹುರುಪು ಬಂತು. ಮುಧೋಳದಲ್ಲಿ ಬಸ್ಸು ನಿಂತಾಗ ಕಬ್ಬಿನ ಹಾಲು ಕುಡಿದಳು, ಒಂದಲ್ಲ, ಮೂರು ಗ್ಲಾಸು. "ಇಷ್ಟ ನಡದೇನಿ, ಇಷ್ಟೂ ಕುಡಿಯಬಾರದೇನ?" ಎಂದು ನಕ್ಕಳು. ಮಹಾಲಿಂಗಪುರದಲ್ಲಿ ಇಳಿದು ಹೋಳಿಗೆಗೆಂದು ಹೊಸ ಬೆಲ್ಲ ಕೊಂಡಳು. ಬಾಯಿಗೊಂದು ಚೂರು ಹಾಕಿಕೊಂಡು, ನನ್ನ ಬಾಯಿಗೂ ಒಂದು ಚೂರು ಇಟ್ಟಳು. ಅವಳು ಅಷ್ಟು ಸಂತೋಷವಾಗಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಮನೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ನಾನು ಹಂಡೆಗೆ ಉರಿ ಹಾಕಿ, ದೊಡ್ಡ ಪರಾತದಲ್ಲಿ ಬಿಸಿನೀರು ತಂದು ಅವಳ ಮುಂದಿಟ್ಟೆ. ಅದಕ್ಕೊಂದು ಹಿಡಿ ಉಪ್ಪು ಹಾಕಿದೆ. ಅವಳು ಎರಡೂ ಕಾಲಿಟ್ಟು ಗೋಡೆಗೆ ಒರಗಿದಳು.

"ಹದಾ ಐತೇನ ಬೇ?"

"ತಣ್ಣಗದಾವ. ಇನ್ನೊಂದಿಷ್ಟು ಬಿಸೀವು ಹಾಕು."

ಹಾಕಿದೆ. ಮತ್ತೆ ಹಾಕು ಅಂದಳು. ಮೂರನೆಯ ಸಲ ಸುರಿಯುವಾಗ ನನ್ನ ಕೈಮೇಲೆ ಹನಿ ಸಿಡಿದು ಚುರ್ ಅಂದಿತು. ಕೈ ಕೊಡವಿಕೊಂಡೆನೇ ಹೊರತು ಆ ನೀರಿಗೆ ಬೆರಳು ಅದ್ದಿ ನೋಡಲಿಲ್ಲ. ಮಗ್ಗ ತುಳಿದು ಗಟ್ಟಿಯಾದ ಕಾಲು, ತಡೆಯುತ್ತವೆ ಅಂದುಕೊಂಡೆ. ಬಲಗಾಲು ಕೆಂಪಗಾಗಿ ಹೊಳೆಯಿತು. ಅವ್ವ ಕಣ್ಣು ಮುಚ್ಚಿ, "ಈಗ ಛಲೋ ಆತು" ಅಂದಳು, ಕೂತಲ್ಲೇ ನಿದ್ದೆ ಹೋದಳು.

ಮರುದಿನ ಬಲಗಾಲಿನ ಬೆರಳುಗಳ ಬುಡದಲ್ಲಿ ನೀರು ತುಂಬಿದ ಬೊಕ್ಕೆ ಎದ್ದಿತ್ತು. ನಡೆದದ್ದಕ್ಕೆ ಎಂದಳು, ನಾನೂ ನಂಬಿದೆ. ಓಣಿಯವರು ಸರತಿಯಲ್ಲಿ ಬಂದು ಆ ಕಾಲಿಗೆ ಹಣೆ ಹಚ್ಚಿದರು. ಬೊಕ್ಕೆ ನೋಡಿ ಅವರ ಭಕ್ತಿ ಇನ್ನೂ ಹೆಚ್ಚಾಯಿತು. ಅದರ ಮರುದಿನ ಅದು ಒಡೆಯಿತು, ಅವ್ವ ಅರಿಶಿನ ಮೆತ್ತಿಕೊಂಡಳು. ರಜೆಯ ಕೊನೆಯ ದಿನ ಹೋಳಿಗೆ. ಅವಳು ಎರಡು ತಿಂದಳು, ತುಪ್ಪ ಸುರಿದುಕೊಂಡು ಮತ್ತೆರಡು. ಊಟ ಮುಗಿಸಿ ನಮಸ್ಕಾರ ಮಾಡಲು ಬಗ್ಗಿದ ಪಕ್ಕದ ಮನೆಯ ಆಯಿ ಥಟ್ಟನೆ ಮುಖ ಹಿಂದಕ್ಕೆ ತೆಗೆದಳು.

"ಏನ ನಾರಾಕತ್ತೈತಿ ಇಲ್ಲಿ?"

ನನಗೂ ಬೆಳಗಿನಿಂದ ಆ ವಾಸನೆ ಬರುತ್ತಿತ್ತು. ಇಲಿ ಸತ್ತಿರಬೇಕೆಂದು ಮಗ್ಗದ ಕುಣಿಯಲ್ಲೆಲ್ಲ ಹುಡುಕಿದ್ದೆ. ಅರಿಶಿನ ತೊಳೆದು ನೋಡಿದರೆ ಕಿರುಬೆರಳೂ ಪಕ್ಕದ ಬೆರಳೂ ಕಪ್ಪಗಾಗಿದ್ದವು. ಒತ್ತಿದೆ, ಕೀವು ಬಂತು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು, ಕಾಲಿನ ಕಡೆ ನೋಡಲಿಲ್ಲ.

"ನೋವಿಲ್ಲಲೇ, ಯಾಕ ಅಂಜತಿ?" ಅಂದಳು. ನೋವಿಲ್ಲವೆಂದೇ ನನಗೆ ಅಂಜಿಕೆಯಾಯಿತು.

ಅವತ್ತೇ ಜಮಖಂಡಿಯ ಒಬ್ಬ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ಅವರು ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಮೇಜಿನ ಮೇಲಿದ್ದ ಒಂದು ಸೂಜಿ ಕೈಗೆತ್ತಿಕೊಂಡರು.

"ಕಣ್ಣ ಮುಚ್ಚರಿ. ನಾ ಚುಚ್ಚಿದ ಕೂಡಲೆ ಹೂಂ ಅನ್ರಿ."

ಅವ್ವ ಕಣ್ಣು ಮುಚ್ಚಿದಳು. ಅವರು ಹೆಬ್ಬೆರಳಿಗೆ ಚುಚ್ಚಿದರು, ಅಂಗಾಲಿಗೆ ಚುಚ್ಚಿದರು, ಹಿಮ್ಮಡಿಗೆ ಚುಚ್ಚಿದರು, ಎಡಗಾಲಿಗೂ ಚುಚ್ಚಿದರು. ರಕ್ತದ ಹನಿ ಮೂಡಿದ್ದನ್ನು ನಾನು ನೋಡಿದೆ. ಅವ್ವ ಕಣ್ಣು ಬಿಗಿಹಿಡಿದು ಕಾಯುತ್ತಿದ್ದಳು. ಬಹಳ ಹೊತ್ತಾಯಿತು ಅನಿಸಿತೋ ಏನೋ, "ಚುಚ್ಚರಿ ಸಾಹೇಬ್ರ, ನಾ ಏನ ಅಂಜೂದಿಲ್ಲ" ಅಂದಳು.

ಡಾಕ್ಟರರು ಸೂಜಿ ಕೆಳಗಿಟ್ಟರು. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದೆ, ಕಾಲಿನ ನರ ಸತ್ತಿವೆ, ನೋವು ಗೊತ್ತಾಗುವ ಶಕ್ತಿಯೇ ಹೋಗಿದೆ ಎಂದರು. ಯಾವಾಗಿನಿಂದ ಹೀಗಿದೆ ಎಂದು ಕೇಳಿದ್ದಕ್ಕೆ ಅವ್ವ ತಲೆ ತಗ್ಗಿಸಿದಳು.

"ಎರಡ ವರ್ಷ ಆತ್ರಿ. ಪಟ್ಟಿ ಮ್ಯಾಲೆ ಕಾಲು ಐತೋ ಇಲ್ಲೋ ಅಂತ ಕುಣಿಯೊಳಗ ಬಗ್ಗಿ ನೋಡಕೋತ ತುಳಿಯಾಕತ್ತೇನಿ."

ಒಂದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ವಯಸ್ಸಿಗೆ ಬೆನ್ನು ಬಾಗಿದೆ ಎಂದುಕೊಂಡಿದ್ದೆ.

"ಇದು ನಡದದ್ದರ ಬೊಕ್ಕಿ ಅಲ್ಲ, ಸುಟ್ಟ ಗಾಯ. ಕುದಿಯೂ ನೀರು ಯಾರು ಹಾಕಿದ್ರು?" ಡಾಕ್ಟರರ ದನಿ ಗಡಸಾಗಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು, "ನಾನ ಹಾಕ್ಕೊಂಡ್ನಿರಿ."

ನಾನು ಗೋಡೆ ನೋಡುತ್ತ ನಿಂತೆ. ಬೈಗುಳ ತಪ್ಪಿತೆಂದು ಒಂದು ಕ್ಷಣ ಹಗುರವೂ ಆಯಿತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆ ವಾರವೇ ಮಿರಜಿನ ದೊಡ್ಡ ದವಾಖಾನೆಗೆ ಹೋದೆವು. ಮೊದಲು ಬೆರಳು ತೆಗೆದರು, ಆಮೇಲೆ ಅರ್ಧ ಪಾದ, ಅದೂ ಸಾಲದೆ ಮೊಳಕಾಲಿನ ಕೆಳಗೆ. ಮಗ್ಗ ಬಿಚ್ಚಿಸಿದೆ, ಅವಳು ಎಡವಿ ಬಿದ್ದಾಳೆಂದು ಕುಣಿಗೆ ಮಣ್ಣು ತುಂಬಿಸಿದೆ.

ನೋಡಲು ಬಂದವರೆಲ್ಲ ಕುದಿಯುವ ನೀರು ಯಾರು ಹಾಕಿದರೆಂದೇ ಕೇಳುತ್ತಿದ್ದರು, ಅವ್ವ ಎಲ್ಲರಿಗೂ ಅದನ್ನೇ ಹೇಳುತ್ತಿದ್ದಳು: ನಾನ ಹಾಕ್ಕೊಂಡೆ. ವರ್ಷಗಳು ಹೋದವು. ಅವಳು ತೀರಿಕೊಳ್ಳುವ ಕೆಲವು ದಿನ ಮೊದಲು, ಒಂದು ಸಂಜೆ, ನನಗೆ ತಡೆಯಲಾಗಲಿಲ್ಲ.

"ಯವ್ವಾ, ಅವತ್ತು ನೀರು ಹಾಕಿದಾಕಿ ನಾನು."

ಅವಳು ನನ್ನ ಕಡೆ ತಿರುಗಿದಳು. ನನ್ನನ್ನು ಕಾಯಲು ಆಡಿದ ಮಾತೋ, ಹೇಳಿ ಹೇಳಿ ತಾನೇ ನಂಬಿಬಿಟ್ಟಿದ್ದಳೋ, ಅವಳ ಮುಖದಲ್ಲಿ ನನಗೆ ತಿಳಿಯಲಿಲ್ಲ.

"ಇಲ್ಲವ್ವ, ನಿನಗ ನೆನಪಿಲ್ಲ," ಅಂದಳು. "ನೀ ಭಾಳ ದಣದಿದ್ದಿ. ಮಕ್ಕೊಂಡಬಿಟ್ಟಿದ್ದಿ."