ರಿಪೇರಿಯವರ ಒದ್ದೆ ಬೆರಳು

ಕುಷ್ಟಗಿಯ ಆ ರೇಡಿಯೊ ರಿಪೇರಿಯವರು ಮೀಟರನ್ನು ನಂಬುತ್ತಿರಲಿಲ್ಲ. ತೋರುಬೆರಳನ್ನು ನಾಲಗೆಗೆ ತಾಗಿಸಿ, ಸೆಟ್ಟಿನೊಳಗಿನ ಮೂರು ಕಾಲಿನ ಟ್ರಾನ್ಸಿಸ್ಟರಿನ ನಡುವಿನ ಕಾಲು ಮುಟ್ಟುತ್ತಿದ್ದರು. ಅದು ಸರಿಯಿದ್ದರೆ ಸ್ಪೀಕರ್ ಗುಂಯ್ ಎನ್ನುತ್ತಿತ್ತು.

"ನಡುವಿನ ಕಾಲಿಗೆ ಹನಿಯಷ್ಟು ಕರೆಂಟ್ ಸಾಕ್ರಿ, ಉಳಿದೆರಡು ಕಾಲಾಗ ಹೊಳಿ ಹರೀತೈತಿ. ಜೀವ ಇದ್ದ ಮೈಯಾಗ ಆ ಹನಿ ಇರತೈತ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಹೋದ ವರ್ಷ ನಮ್ಮ ಭಜನಾ ಮಂಡಳಿಯ ಆಂಪ್ಲಿಫೈಯರ್ ಒಯ್ದಿದ್ದೆ. ಹೊಸ ಟ್ರಾನ್ಸಿಸ್ಟರ್ ಹಾಕಿ ಮುಟ್ಟಿದರು. ಸದ್ದಿಲ್ಲ. ಬೆರಳು ಮತ್ತೆ ಒದ್ದೆ ಮಾಡಿದರು. ಆಗಲೂ ಸದ್ದಿಲ್ಲ.

"ಹೊಸಾದೂ ಸತ್ತೈತೇನು? ನೀವೊಮ್ಮೆ ಮುಟ್ರಿ."

ನಾನು ಮುಟ್ಟಿದೆ. ಸ್ಪೀಕರ್ ಗುಂಯ್ ಎಂದಿತು.

ಅವರು ತಮ್ಮ ಬೆರಳನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಸೆಟ್ ಛಲೋ ಐತಿ, ಒಯ್ರಿ" ಎಂದು ಹಾಡಹಗಲೇ ಅಂಗಡಿ ಮುಚ್ಚಿದರು.

ಮರುದಿನ ಅವರ ಮಣ್ಣಿಗೆ ಹೋಗಿ, ಕುಣಿಗೆ ಹಿಡಿ ಮಣ್ಣು ಹಾಕಿ ಬಂದೆ. ಅಂದಿನಿಂದ ಭಜನೆಗೆ ಮೊದಲು ಮುಚ್ಚಳ ಬಿಚ್ಚಿ, ಬೆರಳು ಒದ್ದೆ ಮಾಡಿಕೊಂಡು, ಆ ಕಾಲನ್ನೊಮ್ಮೆ ಮುಟ್ಟಿ ನೋಡುತ್ತೇನೆ.