ತೆಗೆದು ಹಾಕಿದ ಕಲ್ಲುಗಳು

ನನ್ನ ಭಾವನನ್ನು ಊರೆಲ್ಲ ಈಗಲೂ ಕಂಪೋಸಿಟರ್ ಎಂದೇ ಕರೆಯುತ್ತದೆ. ಅವನು ಅಚ್ಚುಮೊಳೆ ಮುಟ್ಟದೆ ಇಪ್ಪತ್ತೆರಡು ವರ್ಷವಾಯಿತು. ಪ್ರೆಸ್ಸಿಗೆ ಕಂಪ್ಯೂಟರ್ ಬಂದ ಮೇಲೆ ಮಾಲೀಕರು ಅವನ ಕೈ ಹಿಡಿದುಕೊಂಡು ಕಣ್ಣೀರು ಹಾಕಿ ಮನೆಗೆ ಕಳಿಸಿದರು. ಮೂರು ತಿಂಗಳು ಮನೆಯಲ್ಲಿ ಕೂತು ಅಕ್ಕನ ತಲೆ ತಿಂದ. ಆಮೇಲೊಂದು ದಿನ ಪಕ್ಕದ ಬೀದಿಯಲ್ಲಿ ಯಾರದೋ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸುವುದನ್ನು ಬೆಳಗಿನಿಂದ ಸಂಜೆಯವರೆಗೆ ನಿಂತು ನೋಡಿಬಂದು, "ಇದೂ ಮೊಳೆ ಜೋಡ್ಸೋದೇ ಕಣೇ, ಸ್ವಲ್ಪ ದಪ್ಪ ಮೊಳೆ ಅಷ್ಟೆ" ಎಂದನಂತೆ. ಅಂದು ಹಿಡಿದ ಕೆಲಸವನ್ನು ಇಂದಿಗೂ ಬಿಟ್ಟಿಲ್ಲ. ಎರಡು ಕಲ್ಲಿನ ನಡುವಿನ ಸಂದಿಗೆ ಅವನು ಸ್ಪೇಸು ಎನ್ನುತ್ತಾನೆ. ಒಂದು ಕಲ್ಲು ಅಡ್ಡಾದಿಡ್ಡಿ ಕೂತಿದ್ದರೆ "ತಪ್ಪಚ್ಚು" ಎಂದು ಬೈದು ಕೀಳುತ್ತಾನೆ.

ಅಕ್ಕನ ತಮ್ಮನಾದ ತಪ್ಪಿಗೆ ನಾನು ಅವನ ಮರಳು ಹೊರುತ್ತೇನೆ. ನನ್ನದೊಂದು ಗೂಡ್ಸ್ ಗಾಡಿಯಿದೆ. ಅವನೂ ನಾನೂ ಒಂದೇ ಬೀದಿಯಲ್ಲಿ ಆಡಿ ಬೆಳೆದವರು, ಹಾಗಾಗಿ ಭಾವ ಎಂದು ಕರೆದರೂ ಏಕವಚನ ಬಿಟ್ಟಿಲ್ಲ. ನಮ್ಮದು ಎಣ್ಣೆ ಸೀಗೆಕಾಯಿ ಸಂಬಂಧ. ಅವನು ಒಂದು ಕೆಲಸಕ್ಕೆ ಮೂರು ಸಲ ಅಳತೆ ತೆಗೆಯುವ ಜಾತಿ, ನಾನು ಕಣ್ಣಳತೆಯಲ್ಲೇ ಮುಗಿಸಿ ಟೀ ಕುಡಿಯುವ ಜಾತಿ.

ಆ ವಾರ ಲೆಕ್ಕದ ಟೀಚರಮ್ಮನ ಮನೆಯ ಕೆಲಸ ಬಂತು. ರಿಟೈರಾದವರು, ಗಂಡ ಹೆಂಡತಿ ಇಬ್ಬರೇ. ಛಾವಣಿಯ ನೀರಿಳಿಯುವ ಪೈಪು ನೆಲದೊಳಗೆ ಒಡೆದು, ಗೇಟಿನಿಂದ ಬಾಗಿಲವರೆಗೆ ಹಾಸಿದ್ದ ಕಲ್ಲಿನಡಿಯ ಮರಳನ್ನೆಲ್ಲ ಕೊಚ್ಚಿಕೊಂಡು ಹೋಗಿತ್ತು. ಕಾರಿನ ಗಾಲಿ ಓಡುವ ಎರಡೂ ಪಟ್ಟಿ ಬೋಗುಣಿಯಂತೆ ತಗ್ಗಾಗಿತ್ತು. ಅಂಚಿನ ಕಲ್ಲುಗಳು ಹೊರಕ್ಕೆ ಸರಿದು ಹಲ್ಲು ಕಿರಿಯುತ್ತಿದ್ದವು.

"ಶುಕ್ರವಾರ ಬೆಳಿಗ್ಗೆ ಇವ್ರನ್ನ ಆಸ್ಪತ್ರೆಯಿಂದ ಕರ್ಕೊಂಡ್ ಬರ್ತೀನಿ," ಎಂದರು ಟೀಚರಮ್ಮ. ಏಣಿಯಿಂದ ಬಿದ್ದ ಅವರ ಯಜಮಾನರಿಗೆ ಬೆನ್ನುಮೂಳೆಯ ಆಪರೇಷನ್ ಆಗಿತ್ತು. ಆಸ್ಪತ್ರೆಯಲ್ಲಿ ಒಮ್ಮೆ ಗಾಲಿಕುರ್ಚಿ ಲಿಫ್ಟಿನ ಹೊಸ್ತಿಲು ಹತ್ತಿ ಇಳಿದದ್ದಕ್ಕೆ ಅವರು ಕೂಗಿದ ಕೂಗು ಎರಡು ಮಹಡಿಗೆ ಕೇಳಿಸಿತ್ತಂತೆ. "ಆಪರೇಷನ್ನಿಗೆ ಹೆದರದೆ ಇದ್ದ ಮನುಷ್ಯ, ಈಗ ಮನೆಗೆ ಬರೋಕೇ ಹೆದರ್ತಾರೆ. ನಮ್ಮ ಗೇಟಿನೊಳಗೆ ಆಂಬ್ಯುಲೆನ್ಸ್ ಬೇರೆ ತಿರುಗಲ್ಲ, ಗೇಟಿಂದ ಕುರ್ಚೀಲೇ ತಳ್ಕೊಂಡ್ ಬರ್ಬೇಕು. ಮೇಲೆ ಒಂದಿಷ್ಟು ಸಿಮೆಂಟ್ ಬಳಿದ್ರೆ ಆಗುತ್ತಾ?"

"ಸಿಮೆಂಟ್ ಬಳಿಯೋದಾದ್ರೆ ನನ್ನನ್ನ ಯಾಕ್ ಕರೆದ್ರಿ ಮೇಡಂ?" ಎಂದ ಭಾವ. ಆಮೇಲೆ ದನಿ ತಗ್ಗಿಸಿ, "ಅವರಿಗೆ ಒಂದು ಕುಲುಕೂ ಗೊತ್ತಾಗಲ್ಲ. ನಾನಿದೀನಿ," ಎಂದ. ಟೀಚರಮ್ಮ ತಲೆಯಾಡಿಸಿ ಆಸ್ಪತ್ರೆಗೆ ಹೊರಟರು.

ಬುಧವಾರ ನಾನು ಮರಳು ತರುವ ಹೊತ್ತಿಗೆ ಭಾವ ಎರಡೂ ಪಟ್ಟಿಯ ಕಲ್ಲುಗಳನ್ನು ಕಿತ್ತು ಗೇಟಿನ ಬಳಿ ಒಟ್ಟಿದ್ದ. ಅಲೆಯಂಚಿನ ಹಳೇ ಕಲ್ಲುಗಳು, ಎಣಿಸಿ ಮುನ್ನೂರ ಹನ್ನೆರಡು. ಪೈಪಿಗೆ ಜಾಯಿಂಟ್ ತರಲು ಅವನು ಅಂಗಡಿಗೆ ಹೊರಟಿದ್ದ. ಹೋಗುವಾಗ ಕಲ್ಲಿನ ರಾಶಿಯತ್ತ ಕೈ ತೋರಿಸಿ, "ಇದನ್ನೆಲ್ಲ ಇವತ್ತೇ ತೆಗೆದು ಹಾಕ್ಬೇಕು ಕಣೋ" ಎಂದ.

ಜೀವಮಾನದಲ್ಲಿ ಒಮ್ಮೆಯಾದರೂ ಅವನು ಬೈಯುವ ಮೊದಲೇ ಕೆಲಸ ಮುಗಿಸಿಡೋಣ ಎಂದು ನನಗೆ ಬುದ್ಧಿ ಬಂತು. ಒಬ್ಬನೇ ಮುನ್ನೂರ ಹನ್ನೆರಡು ಕಲ್ಲನ್ನೂ ಗಾಡಿಗೆ ತುಂಬಿದೆ. ಊರಾಚೆ ಸಸಿ ಮಾರುವ ನರ್ಸರಿಯಮ್ಮ ತನ್ನ ತಗ್ಗಿನ ಜಾಗಕ್ಕೆ ಕಲ್ಲುಮಣ್ಣು ಬೇಕೆಂದು ಕಂಡಕಂಡವರಿಗೆಲ್ಲ ಹೇಳಿದ್ದಳು. ಅಲ್ಲಿ ಸುರಿದು, ಬೆನ್ನು ನೆಟ್ಟಗೆ ಮಾಡಿಕೊಂಡು, ಬಿರುದು ಪಡೆಯುವವನ ಹಾಗೆ ವಾಪಸು ಬಂದೆ.

ಭಾವ ಬರಿದಾದ ಗೇಟಿನ ಬಳಿ ನಿಂತಿದ್ದ.

"ಕಲ್ಲೆಲ್ಲಿ?"

"ತೆಗೆದು ಹಾಕ್ದೆ."

"ಎಲ್ಲಿ ಹಾಕ್ದೆ?"

"ಬಿಸಾಡ್ದೆ. ನೀನೇ ತಾನೆ ಹೇಳಿದ್ದು, ಎಲ್ಲಾ ತೆಗೆದು ಹಾಕ್ಬೇಕು ಅಂತ?"

"ಅಯ್ಯೋ ನಿನ್ನ! ರಾಶಿಯಿಂದ ತೆಗೆಯೋದು, ಮತ್ತೆ ಇದ್ದಲ್ಲೇ ಹಾಕೋದು ಕಣೋ! ತೆಗೆದು... ಹಾಕೋದು!" ನಡುವೆ ಅವನು ಬಿಟ್ಟ ಸ್ಪೇಸಿನಲ್ಲಿ ನನ್ನ ಗಾಡಿಯೇ ಹಾದುಹೋಗಬಹುದಿತ್ತು.

"ಪ್ರೆಸ್ಸಲ್ಲಿ ಪ್ರೂಫ್ ಮೇಲೆ 'ತೆಗೆದು ಹಾಕಿ' ಅಂತ ಬರೆದಿದ್ರೆ ನೀನು ಏನ್ ಮಾಡ್ತಿದ್ದೆ?" ಎಂದೆ, ಬೈಗುಳ ತಪ್ಪಿಸಿಕೊಳ್ಳಲು.

"ಕಿತ್ತು ಎಸೀತಿದ್ದೆ," ಎಂದ ಭಾವ. ನಾನು ಗೆದ್ದಿದ್ದೆ, ಆದರೆ ಗೆದ್ದು ಪ್ರಯೋಜನವಿರಲಿಲ್ಲ. ಆ ಅಲೆಯಂಚಿನ ಕಲ್ಲನ್ನು ಈಗ ಯಾರೂ ಮಾಡುವುದಿಲ್ಲ. ಹೊಸ ಕಲ್ಲು ಹಳೆಯದಕ್ಕೆ ಕಚ್ಚಿಕೊಳ್ಳುವುದಿಲ್ಲ. ಪೂರ್ತಿ ಹೊಸದು ತರಿಸಬೇಕೆಂದರೆ ವಾರ ಬೇಕು. ಶುಕ್ರವಾರಕ್ಕೆ ಉಳಿದಿದ್ದದ್ದು ಒಂದೂವರೆ ದಿನ.

ಗಾಡಿ ಹತ್ತಿ ಅವನು ಬೆರಳು ಮಡಚಿ ಗಂಟೆಗಳನ್ನು ಎಣಿಸುತ್ತಾ ಕೂತ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನರ್ಸರಿಗೆ ಹೋಗಿ ನೋಡಿದರೆ ಕಲ್ಲೇ ಕಾಣಲಿಲ್ಲ. ನರ್ಸರಿಯಮ್ಮ ನಗುನಗುತ್ತಾ ಬಂದಳು. "ನೀನು ಹೋದ ಹಿಂದೇನೇ ಒಂದು ಲೋಡ್ ಮಣ್ಣು ಬಂತಪ್ಪ. ಮೇಲೇ ಸುರಿಸ್ಬಿಟ್ಟೆ. ಎಷ್ಟು ಚೆನ್ನಾಗಿ ತುಂಬ್ಕೊಂಡಿದೆ ನೋಡು!"

"ಆ ಕಲ್ಲು ವಾಪಸ್ ಬೇಕಿತ್ತು," ಎಂದೆ.

ಅವಳ ನಗು ಮಾಯವಾಯಿತು. "ಕೊಟ್ಟಿದ್ದು ನೀನು. ತಗ್ಗಲ್ಲಿ ನೀರು ನಿಂತು ನನ್ನ ಅರ್ಧ ಸಸಿ ಕೊಳೆತಿದೆ. ಈಗ ಅಗೆದು ಗುಂಡಿ ಮಾಡಿ ಹೋಗ್ತೀಯಾ? ಆಗಲ್ಲ ಅಂದ್ರೆ ಆಗಲ್ಲ."

ಭಾವ ಮುಂದೆ ಬಂದ. ಯಾರ ಮುಂದೆಯೂ ಹಲ್ಲು ಗಿಂಜದ ಮನುಷ್ಯ. ಗಾಲಿಕುರ್ಚಿಯ ವಿಷಯ, ಲಿಫ್ಟಿನ ಹೊಸ್ತಿಲ ವಿಷಯ, ತಾನು ಕೊಟ್ಟ ಮಾತಿನ ವಿಷಯ ಎಲ್ಲ ಹೇಳಿದ. "ಇವನದು ತಪ್ಪಲ್ಲಮ್ಮ, ನಾನು ಹೇಳಿದ್ದೇ ಹಾಗೆ. ನಿಮ್ಮ ತಗ್ಗನ್ನ ನಾನೇ ನಿಂತು ತುಂಬಿಸಿಕೊಡ್ತೀನಿ," ಎಂದ. ಇಷ್ಟು ವರ್ಷದಲ್ಲಿ ಅವನು ನನ್ನ ಪರವಾಗಿ ಮಾತಾಡಿದ್ದು ಅದೇ ಮೊದಲು, ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ನರ್ಸರಿಯಮ್ಮ ಒಳಗೆ ಹೋಗಿ ಸಲಿಕೆ ತಂದಳು. ಮೂರು ಸಲಿಕೆ. ಮೂರನೆಯದನ್ನು ಅವಳೇ ಹಿಡಿದಳು.

ಬೆಳಕಿರುವವರೆಗೂ ಅಗೆದೆವು. ಸಲಿಕೆ ತಗಲಿದರೆ ಅಂಚು ಮುರಿಯುತ್ತದೆಂದು ಭಾವ ಕೊನೆಕೊನೆಗೆ ಕೈಯಲ್ಲೇ ಕೆದಕಿದ. ಮುನ್ನೂರ ಐದು ಕಲ್ಲು ಇಡಿಯಾಗಿ ಸಿಕ್ಕವು. ಏಳು ಒಡೆದಿದ್ದವು. ಅವನು ಹೊರಡುವ ಮುನ್ನ ಮತ್ತೊಮ್ಮೆ ಎಣಿಸಿ, ಮಣ್ಣಿನ ಕೈಯಲ್ಲೇ ಮುಖ ಒರೆಸಿಕೊಂಡು, "ಬದುಕಿದೆವು" ಎಂದ. ನನಗೂ ಹೋದ ಜೀವ ಬಂದಂತಾಯಿತು.

ಗುರುವಾರ ಬೆಳಗಾದರೆ ನಾನು ಕಲ್ಲು ತೊಳೆಯುವ ಆಳು. ಭಾವ ಪೈಪು ಜೋಡಿಸಿದ, ತಳದ ಜಲ್ಲಿಯನ್ನು ಗಟ್ಟಿಯಾಗಿ ಬಡಿದು ದಮ್ಮಸು ಮಾಡಿದ, ಅದರ ಮೇಲೆ ಎರಡು ಬೆರಳು ಮರಳು ಹರಡಿ ಮರದ ಪಟ್ಟಿಯಿಂದ ಎಳೆದು ಸಮ ಮಾಡಿದ. ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತಾ ಬಾಗಿಲ ಕಡೆ ಸಾಗಿದವು. ಪ್ರತಿಯೊಂದನ್ನೂ ರಬ್ಬರ್ ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಿದ್ದ. ಒಳಗೆ ಟೊಳ್ಳು ಸದ್ದು ಬಂದರೆ ಎತ್ತಿ ಮತ್ತೆ ಮರಳು. ಕೊರತೆಬಿದ್ದ ಏಳನ್ನು ಕಾಂಪೌಂಡ್ ಮೂಲೆಯ ಹೂಕುಂಡಗಳ ಅಡಿಯಿಂದ ಕಿತ್ತು ತಂದ. "ಪ್ರೆಸ್ಸಲ್ಲೂ ಹೀಗೇ. ಮೊಳೆ ಸಾಲದಿದ್ರೆ ಯಾರೂ ಓದದ ಪುಟದಿಂದ ಕದೀತಿದ್ವಿ," ಎಂದ. ಎರಡು ದಿನದಲ್ಲಿ ಅವನು ಆಡಿದ ಮೊದಲ ತಮಾಷೆ ಅದು.

ಸಂದಿಗೆಲ್ಲ ಸಣ್ಣ ಮರಳು ಗುಡಿಸಿ ಮುಗಿಸಿದಾಗ ಸಂಜೆ ಐದು. ಆಗಲೇ ಬಾಡಿಗೆಯ ಗಾಲಿಕುರ್ಚಿ ವರಾಂಡಕ್ಕೆ ಬಂದು ನಿಂತಿತ್ತು. ಭಾವ ನನ್ನನ್ನು ಅದರಲ್ಲಿ ಕೂರಿಸಿ, ಅಂಚಿನವರೆಗೆ ನೀರು ತುಂಬಿದ ಲೋಟ ಕೈಗೆ ಕೊಟ್ಟು, "ಕಣ್ಣು ಮುಚ್ಚು. ಚೆಲ್ಲಿದ್ರೆ ಹೇಳು," ಎಂದು ಗೇಟಿನಿಂದ ತಳ್ಳಿದ. ಮೊದಲ ಸಲ ಮೂರು ಕಡೆ ಚೆಲ್ಲಿತು. ಮೂರೂ ಕಡೆ ಕಿತ್ತು ಕೂರಿಸಿದ. ಎರಡನೆಯ ಸಲ ಒಂದು ಕಡೆ. ಎಂಟನೆಯ ಸಲಕ್ಕೆ ನನ್ನ ಪ್ಯಾಂಟು ಪೂರ್ತಿ ನೆನೆದಿತ್ತು, ಲೋಟದ ನೀರು ಮಾತ್ರ ಅಲುಗಲಿಲ್ಲ. ಬೀದಿಯವರೆಲ್ಲ ಗೇಟಿಗೆ ಒರಗಿ ನನ್ನ ಮೆರವಣಿಗೆ ನೋಡುತ್ತಿದ್ದರು.

ಶುಕ್ರವಾರ ಹತ್ತು ಗಂಟೆಗೆ ಆಂಬ್ಯುಲೆನ್ಸ್ ಬಂತು. ಟೀಚರಮ್ಮನ ಯಜಮಾನರು ಇಷ್ಟೇ ಇಷ್ಟಾಗಿ ಹೋಗಿದ್ದರು. ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ಹೆಂಡತಿ ಹಿಂದಿನಿಂದ ಮೆಲ್ಲಗೆ ತಳ್ಳಿದರು. ಭಾವ ಕಾಂಪೌಂಡ್ ಗೋಡೆಗೆ ಅಂಟಿಕೊಂಡು ನಿಂತು, ಗಾಲಿಯನ್ನೇ ನೋಡುತ್ತಿದ್ದ. ಅವನು ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನಾನು ಅವನನ್ನೇ ನೋಡುತ್ತಿದ್ದೆ. ಗಾಲಿ ಗೇಟು ದಾಟಿತು, ಪೈಪಿನ ಜಾಗ ದಾಟಿತು, ಬಾಗಿಲಿಗೆ ಇಳಿಜಾರಾಗಿ ಇಟ್ಟಿದ್ದ ಹಲಗೆ ಹತ್ತಿ ಒಳಗೆ ಹೋಗಿ ನಿಂತಿತು. ನಾವಿಬ್ಬರೂ ಬಾಗಿಲವರೆಗೆ ಹಿಂದೆಯೇ ಹೋದೆವು.

ಯಜಮಾನರು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಹಲ್ಲು ಕಚ್ಚಿಕೊಂಡೇ ಕೇಳಿದರು: "ಯಾಕೆ ನಿಲ್ಲಿಸ್ದೆ? ಗೇಟು ಬಂತಾ? ತಡಿ, ತಡಿ, ಒಳಗೆ ತಳ್ಳೋಕೆ ಮುಂಚೆ ನಂಗೊಂದು ಮಾತು ಹೇಳು."

ಟೀಚರಮ್ಮ ಗಂಡನ ತಲೆಯ ಮೇಲೆ ಕೈಯಿಟ್ಟುಕೊಂಡು ಅಳತೊಡಗಿದರು. ಭಾವನೇ ಬಾಗಿಲಲ್ಲಿ ನಿಂತು ಹೇಳಿದ.

"ಕಣ್ಣು ಬಿಡಿ ಸಾರ್. ಮನೇಲೇ ಇದೀರಿ."