ಪಂಪ್‌ಹೌಸಿನ ಕಂಡಕ್ಟರಮ್ಮ

ಬಸ್ಸಿನ ಕೆಲಸದಿಂದ ನಿವೃತ್ತಳಾದ ಮೇಲೂ ಆಕೆಯ ದನಿ ಮಾತ್ರ ನಿವೃತ್ತವಾಗಿರಲಿಲ್ಲ. ಹಳೆಯ ವಸತಿ ಕಟ್ಟಡದ ಹಿತ್ತಲಲ್ಲಿ ನಿಂತು ಒಮ್ಮೆ ಬಾಯಿ ತೆರೆದರೆ, ಮೇಲಿನ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರ ಕೈಯಿಂದ ಕ್ಲಿಪ್ಪು ಜಾರುತ್ತಿತ್ತು. ಎಲ್ಲರ ಬಾಯಲ್ಲೂ ಆಕೆ ಕಂಡಕ್ಟರಮ್ಮ. ಹೆಂಗಸು ಚೀಲ ನೇತುಹಾಕಿಕೊಂಡು ಬಸ್ಸಿನ ಬಾಗಿಲಲ್ಲಿ ನಿಂತರೆ ಜನ ನಗುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವಳು. ಆಗ ಕೆಲವು ಗಂಡಸರು ಬೇಕೆಂತಲೇ ಟಿಕೆಟ್ ತೆಗೆಯದೆ, "ಇಳಿಸು ನೋಡೋಣ" ಎಂದು ಕಾಲು ಚಾಚಿ ಕೂರುತ್ತಿದ್ದರು. ಆಕೆ ಇಳಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಬಸ್ಸು ನಿಲ್ಲಿಸಲು ಹೇಳಿ, ತಾನೂ ಎದುರು ಸೀಟಿನಲ್ಲಿ ಕಾಲು ಚಾಚಿ ಕೂತುಬಿಡುತ್ತಿದ್ದಳು. ಹೊತ್ತಾಗುತ್ತಿದ್ದ ಹಾಗೆ ಉಳಿದ ಪ್ರಯಾಣಿಕರೇ ಆ ಮಹಾಶಯನಿಗೆ ನೀರಿಳಿಸುತ್ತಿದ್ದರು.

ಬೆಕ್ಕುಗಳ ಉಸಾಬರಿ ಶುರುವಾದದ್ದು ನಿವೃತ್ತಿಯ ಮರುವರ್ಷ. ಗೇಟಿಗೆ ಸಿಕ್ಕಿ ಕಾಲು ಜಜ್ಜಿಕೊಂಡ ಬೂದು ಬಣ್ಣದ ಬೆಕ್ಕೊಂದನ್ನು ಎತ್ತಿಕೊಂಡು ಹೋಗಿ, ಹಿತ್ತಲಲ್ಲಿ ಪಾಳುಬಿದ್ದಿದ್ದ ಪಂಪ್‌ಹೌಸಿನಲ್ಲಿ ಗೋಣಿಚೀಲ ಹಾಸಿ ಮಲಗಿಸಿದಳು. ಅದರ ಹಿಂದೆಯೇ ಇನ್ನೊಂದು ಬಂತು, ಮತ್ತೊಂದು ಬಂತು. ನೋಡಲು ಬಂದ ತಂಗಿ ತಲೆಗೆ ಕೈಯಿಟ್ಟುಕೊಂಡಳು.

"ಅಕ್ಕಾ, ಜೀವಮಾನವೆಲ್ಲ ಜನರ ಹತ್ರ ಕಾಲು ತುಳಿಸ್ಕೊಂಡೆ. ಈಗಾದ್ರೂ ತೆಪ್ಪಗೆ ಕೂತ್ಕೋಬಾರ್ದಾ?"

"ತೆಪ್ಪಗೆ ಕೂತ್ರೆ ಮಂಡಿ ಹಿಡ್ಕೊಳ್ಳುತ್ತೆ ಕಣೇ," ಎಂದಳು ಕಂಡಕ್ಟರಮ್ಮ.

ಗಾಯಕ್ಕೆ ಔಷಧ ಹಚ್ಚಲು ಕೈ ಬೇಕಾಯಿತು. ಮೂರನೇ ಮಹಡಿಯ ನರ್ಸಮ್ಮ ಪಾಳಿ ಮುಗಿಸಿ ಬರುವುದನ್ನೇ ಕಾದು, ಅಡ್ಡಹಾಕಿ ಕರೆದುಕೊಂಡು ಬಂದಳು. ಬೆಕ್ಕನ್ನು ಅಲುಗಾಡದಂತೆ ಹಿಡಿಯಲು ಎದುರು ರಸ್ತೆಯ ಸಲೂನಿನವನನ್ನು ಕೂಗಿದಳು. ಹಟಮಾರಿ ಮಕ್ಕಳ ತಲೆ ಹಿಡಿದು ಕೂದಲು ಕತ್ತರಿಸಿ ಪಳಗಿದ ಕೈ ಅವನದು. ಅವನು ನರ್ಸಮ್ಮನ ಕಿಟಕಿಯ ಕೆಳಗೆ ಸ್ಕೂಟರ್ ನಿಲ್ಲಿಸುತ್ತಾನೆಂಬ ಜಗಳದಲ್ಲಿ ಇಬ್ಬರೂ ಮುಖ ನೋಡುವುದನ್ನೇ ಬಿಟ್ಟಿದ್ದರು. ಆದರೆ ಪರಚುವ ಬೆಕ್ಕು ನಡುವೆ ಇದ್ದಾಗ ಮಾತು ಬಿಟ್ಟು ಎಷ್ಟು ಹೊತ್ತು ಇರಲು ಸಾಧ್ಯ?

"ಗಟ್ಟಿಯಾಗಿ ಹಿಡ್ಕೊಳ್ಳಿ."

"ಹಿಡ್ಕೊಂಡೇ ಇದೀನಿ. ನೀವು ಬೇಗ ಹಚ್ಚಿ."

ಅಷ್ಟು ಸಾಕಾಯಿತು. ಮುಂದಿನ ಸಲ ಸ್ಕೂಟರಿನ ವಿಷಯಕ್ಕೆ ಮತ್ತೆ ಜಗಳವಾಡಿದರು, ಆದರೆ ನೇರವಾಗಿ ಮುಖ ನೋಡಿಕೊಂಡೇ ಆಡಿದರು. ಬೆಕ್ಕುಗಳನ್ನು ಸರದಿಯ ಮೇಲೆ ಪಶುವೈದ್ಯರಲ್ಲಿಗೆ ಒಯ್ದು ಮರಿಯಾಗದಂತೆ ಆಪರೇಷನ್ ಮಾಡಿಸುವುದು, ಮೀನಿನಂಗಡಿಯಲ್ಲಿ ಬಿಸಾಡುವ ತಲೆಗಳನ್ನು ಕೇಳಿ ತರುವುದು, ಪಂಪ್‌ಹೌಸ್ ತೊಳೆಯುವುದು, ಹೀಗೆ ಒಂದೊಂದು ಕೆಲಸಕ್ಕೆ ಒಬ್ಬೊಬ್ಬರು ಕೈಹಾಕಿದರು. ಬಾಡಿಗೆಗೆ ಬಂದು ಎಷ್ಟೋ ಕಾಲವಾದರೂ ಯಾರಿಗೂ ಹೆಸರು ಗೊತ್ತಿಲ್ಲದ ಹೆಂಗಸೊಬ್ಬಳು ತಾನಾಗಿ ಪೊರಕೆ ಹಿಡಿದು ಬಂದಳು. ದಿನವಿಡೀ ಗೋಡೆಗಳ ಜೊತೆ ಮಾತಾಡಿ ಸಾಕಾಗಿದೆ ಎಂದಳು.

ಇದೆಲ್ಲ ಕಂಡರೆ ಆಗದಿದ್ದವನು ಕಟ್ಟಡದ ಸಂಘದ ಸೆಕ್ರೆಟರಿ. ಇಸ್ತ್ರಿಯ ಗೆರೆ ಮುರಿಯದ ಮನುಷ್ಯ. ಮೊದಲ ಮಹಡಿಯಲ್ಲಿ ವಯಸ್ಸಾದ ತಾಯಿಯ ಜೊತೆ ಇದ್ದ. ಆ ತಾಯಿಯನ್ನು ಕೆಳಗೆ ಕಂಡವರೇ ಇಲ್ಲ. ಬಿಗುಮಾನದ ಹೆಂಗಸು, ಯಾರ ಜೊತೆಯೂ ಬೆರೆಯುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು.

ಒಂದು ಮಧ್ಯಾಹ್ನ ಅದೇ ಮನೆಯ ಬಾಲ್ಕನಿಯಿಂದ ಮುದಿ ದನಿಯ ಕೂಗು ಕೇಳಿಸಿತು.

"ಏ ತಾಯೀ, ಬೆಕ್ಕಿನವಳೇ! ನಿನ್ನ ಬೆಕ್ಕು ಬಂದು ನನ್ನ ಬೀರೂಲಿ ಮರಿ ಹಾಕ್ಬಿಟ್ಟಿದೆ ಕಣೇ!"

ಕಂಡಕ್ಟರಮ್ಮ ಮಂಡಿಯ ನೋವನ್ನೂ ಮರೆತು ಮೆಟ್ಟಿಲು ಹತ್ತಿದಳು. ನೋಡಿದರೆ ಬಾಗಿಲಿಗೆ ಹೊರಗಿನಿಂದ ಬೀಗ.

"ದೊಡ್ಡಮ್ಮ, ಇದೇನು ಹೊರಗಿಂದ ಬೀಗ ಹಾಕಿದೆ?"

ಒಳಗಿನಿಂದ ಬಾಗಿಲಿಗೆ ಒರಗಿದ ದನಿ ಬಂತು. "ಮಗ ಆಫೀಸಿಗೆ ಹೋಗೋವಾಗ ಹಾಕ್ಕೊಂಡು ಹೋಗ್ತಾನೆ. ಒಂದು ಸಲ ಬಿದ್ದು ಸೊಂಟ ಮುರ್ಕೊಂಡೆ ನೋಡು, ಮತ್ತೆ ಮೆಟ್ಟಿಲು ಇಳಿಯೋಕೆ ಹೋದ್ರೆ ಅಂತ ಅವನಿಗೆ ಜೀವ ಪುಕಪುಕ. ಕೆಟ್ಟವನಲ್ಲ ಅವನು."

"ಸರಿ, ಒಳಗೆ ಬೆಂಕಿಗಿಂಕಿ ಹತ್ಕೊಂಡ್ರೆ?"

"ಅದನ್ನೆಲ್ಲ ಯೋಚನೆ ಮಾಡ್ಬೇಡ ಅಂತ ಹೇಳಿದಾನೆ."

ಕಂಡಕ್ಟರಮ್ಮನಿಗೆ ಪಿತ್ತ ನೆತ್ತಿಗೇರಿತು. ಆದರೆ ಬಾಗಿಲಿನ ಮೇಲೆ ಸಿಟ್ಟು ತೀರಿಸಿಕೊಂಡು ಪ್ರಯೋಜನವಿರಲಿಲ್ಲ, ಬೀರುವಿನಲ್ಲಿ ಹಸಿದ ಬಾಣಂತಿ ಬೆಕ್ಕಿತ್ತು. ಕೆಳಗಿಳಿದು ಬಂದು, ದೊಡ್ಡಮ್ಮನಿಗೆ ಹಳೆಯ ಸೀರೆ ಹರಿದು ಗಂಟುಹಾಕಿ ಗ್ರಿಲ್ಲಿನ ಕಿಂಡಿಯಿಂದ ಇಳಿಬಿಡಲು ಹೇಳಿದಳು. ಅದರ ತುದಿಗೆ ಪುಟ್ಟ ಬುಟ್ಟಿ ಕಟ್ಟಿ ಹಾಲು, ಮೀನು, ಸಲೂನಿನ ಹಳೆಯ ಟವೆಲು ಮೇಲೆ ಕಳಿಸಿದರು. ನರ್ಸಮ್ಮ ಕೆಳಗೆ ನಿಂತು ಕತ್ತು ಎತ್ತಿ, ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಿಕೊಟ್ಟಳು.

ಅಲ್ಲಿಂದ ಮುಂದೆ ಆ ಬುಟ್ಟಿಗೆ ಬಿಡುವೇ ಇಲ್ಲ. ತಾಯಿ ಸತ್ತ ಮರಿಗಳು ಸಿಕ್ಕರೆ ಬುಟ್ಟಿಯಲ್ಲಿ ಮೇಲೆ ಹೋಗುತ್ತಿದ್ದವು. ದೊಡ್ಡಮ್ಮ ಅವಕ್ಕೆ ಹನಿಹನಿಯಾಗಿ ಹಾಲು ಕುಡಿಸಿ, ಬದುಕಿಸಿ, ಮತ್ತೆ ಕೆಳಗಿಳಿಸುತ್ತಿದ್ದರು. ಜೊತೆಗೆ ಬಾಲ್ಕನಿಯಿಂದಲೇ ಇಡೀ ಹಿತ್ತಲಿನ ಯೋಗಕ್ಷೇಮ ವಿಚಾರಿಸುತ್ತಿದ್ದರು. ಬಿಗುಮಾನದ ಹೆಂಗಸು ಎಂದವರೆಲ್ಲ ಈಗ ಅಲ್ಲಿ ನಿಂತು ಕಷ್ಟಸುಖ ಹೇಳಿಕೊಳ್ಳತೊಡಗಿದರು.

ಕಂಡಕ್ಟರಮ್ಮ ಒಂದು ಸಂಜೆ ಸೆಕ್ರೆಟರಿಯನ್ನು ಗೇಟಿನಲ್ಲೇ ತಡೆದಳು. "ಸಾರ್, ಒಳಗಿಂದಲೂ ತೆಗೆಯೋ ಬೀಗ ಹಾಕ್ಸಿ, ದೊಡ್ಡಮ್ಮನ ಕೈಗೂ ಒಂದು ಬೀಗದ ಕೈ ಕೊಡಿ."

"ನಮ್ಮ ಮನೆ ವಿಷಯ ನಿಮಗೆ ಬೇಡ," ಎಂದು ಅವನು ಕೆಂಪಾದ. ಅದಾದ ಕೆಲವೇ ದಿನಕ್ಕೆ ಸೂಚನಾ ಫಲಕದಲ್ಲಿ ಅವನ ಪ್ರಕಟಣೆ ಬಿತ್ತು: ಪಂಪ್‌ಹೌಸ್ ತೆರವುಗೊಳಿಸಲಾಗುವುದು, ಬೆಕ್ಕುಗಳನ್ನು ಹಿಡಿದು ಊರಾಚೆ ಬಿಡಲಾಗುವುದು.

ರಜೆಯ ದಿನ ಬೆಳಿಗ್ಗೆ ವ್ಯಾನು ಬಂತು. ಬಲೆ ಹಿಡಿದ ಇಬ್ಬರು ಇಳಿದರು. ಅಷ್ಟರಲ್ಲಾಗಲೇ ಪಂಪ್‌ಹೌಸಿನ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕಂಡಕ್ಟರಮ್ಮ ಕೂತಾಗಿತ್ತು.

"ದಾರಿ ಬಿಡಿ ಕಂಡಕ್ಟರಮ್ಮ," ಎಂದ ಸೆಕ್ರೆಟರಿ.

"ಬಸ್ಸು ಫುಲ್ ಆಗಿದೆ ಸಾರ್. ಹಿಂದಿನ ಬಸ್ಸಿಗೆ ಬನ್ನಿ."

ಬಲೆ ಹಿಡಿದವರಲ್ಲೊಬ್ಬ ನಗು ತಡೆಯಲಾರದೆ ಆ ಕಡೆ ತಿರುಗಿದ. ನರ್ಸಮ್ಮ ಬಂದು ಕುರ್ಚಿಯ ಪಕ್ಕ ನಿಂತಳು. ಪೊರಕೆಯ ಹೆಂಗಸು ಬಂದಳು. ಸಲೂನಿನವನು ಕತ್ತರಿ ಹಿಡಿದೇ ಓಡಿಬಂದ, ಅವನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೂ ಬಂದ.

"ನಾಲ್ಕು ಜನ ಸೇರಿದ್ರೆ ನ್ಯಾಯ ಆಗಲ್ಲ," ಸೆಕ್ರೆಟರಿ ದನಿ ಏರಿಸಿದ. "ಈ ಬೆಕ್ಕಿನ ಗಲಾಟೆಯಿಂದ ಕಟ್ಟಡಕ್ಕೆ ಏನು ಉಪಯೋಗ? ಒಬ್ಬರಾದ್ರೂ ಹೇಳಿ ನೋಡೋಣ!"

"ನಾನು ಹೇಳ್ತೀನಿ ಕಣೋ."

ಎಲ್ಲರೂ ತಲೆ ಎತ್ತಿದರು. ದೊಡ್ಡಮ್ಮ ಎರಡೂ ಕೈಯಲ್ಲಿ ಗ್ರಿಲ್ಲು ಹಿಡಿದು ನಿಂತಿದ್ದರು.

"ಈ ಬೆಕ್ಕುಗಳು ಬರೋಕೆ ಮುಂಚೆ ಈ ಬಾಲ್ಕನಿ ಕೆಳಗೆ ಹೋಗೋರು ಒಬ್ಬರಾದ್ರೂ ತಲೆ ಎತ್ತಿ ನೋಡ್ತಿದ್ರಾ? ನಾನು ಇದೀನೋ ಸತ್ತಿದೀನೋ ಅಂತ ಯಾರಿಗಾದ್ರೂ ಗೊತ್ತಿತ್ತಾ? ಬೆಕ್ಕಿಗೆ ಅಂತ ಇವರು ಬುಟ್ಟಿ ಕಳಿಸಿದ್ರು, ಅದರ ಜೊತೆ 'ನೀವು ಊಟ ಮಾಡಿದ್ರಾ ದೊಡ್ಡಮ್ಮ' ಅಂತಾನೂ ಕೇಳಿದ್ರು. ಅದೇ ಉಪಯೋಗ. ಸಾಕಾ, ಇನ್ನೂ ಬೇಕಾ?"

"ಅಮ್ಮ, ಎಲ್ಲರ ಎದುರು ಬೇಡ. ಒಳಗೆ ಹೋಗು."

"ಒಳಗೇ ಇದೀನಲ್ಲೋ! ಬೀಗ ಹಾಕ್ಕೊಂಡು ಇಳಿದಿದೀಯ. ಇನ್ನೆಷ್ಟು ಒಳಗೆ ಹೋಗ್ಲಿ?"

ಸೆಕ್ರೆಟರಿಯ ಕೈ ತಾನಾಗಿ ಜೇಬಿಗೆ ಹೋಯಿತು. ಅಭ್ಯಾಸಬಲದಿಂದ, ಹಿತ್ತಲಿಗೆ ಇಳಿಯುವಾಗಲೂ ಬೀಗ ಹಾಕಿಕೊಂಡೇ ಬಂದಿದ್ದ. ಸುತ್ತ ನಿಂತವರಲ್ಲಿ ಹೆಚ್ಚಿನವರಿಗೆ ಈ ವಿಷಯ ಗೊತ್ತಿರಲಿಲ್ಲ. ಎಲ್ಲರೂ ಅವನನ್ನೇ ನೋಡಿದರು. ವ್ಯಾನಿನವರು ಬಲೆ ಸುತ್ತಿ, "ನೀವು ನೀವೇ ಮಾತಾಡ್ಕೊಳ್ಳಿ ಸಾರ್" ಎಂದು ಹೊರಟರು.

ಸೆಕ್ರೆಟರಿ ಹೋಗಿ ಬಾಗಿಲು ತೆರೆದಾಗ ದೊಡ್ಡಮ್ಮ ಚಪ್ಪಲಿ ಮೆಟ್ಟಿ, ಕೋಲು ಹಿಡಿದು ಸಿದ್ಧವಾಗಿಯೇ ನಿಂತಿದ್ದರು. ಹಿಂದೆ ಬಂದಿದ್ದ ನರ್ಸಮ್ಮ ಕೈಚಾಚಿದರೆ ಬೇಡವೆಂದು ತಲೆಯಾಡಿಸಿದರು. ಮಗ ಒಂದು ಮೆಟ್ಟಿಲು ಕೆಳಗೆ ನಿಂತು, ಎರಡೂ ತೋಳು ಚಾಚಿ ಹಿಂದುಹಿಂದಕ್ಕೆ ಇಳಿಯತೊಡಗಿದ. ಅವನ ಹಣೆಯಲ್ಲಿ ಬೆವರು ಹನಿಗಟ್ಟಿತ್ತು.

"ಬಿದ್ರೆ ನಾನೇನಮ್ಮ ಮಾಡ್ಲಿ?" ಎಂದ.

"ಎತ್ತು," ಎಂದರು ದೊಡ್ಡಮ್ಮ.

ಆ ಕ್ಷಣ, ಕುರ್ಚಿಯಿಂದಲೇ ಹಿತ್ತಲ ಮೆಟ್ಟಿಲ ಕಡೆ ನೋಡುತ್ತಿದ್ದ ಕಂಡಕ್ಟರಮ್ಮನಿಗೆ ಅವನನ್ನು ಕಂಡು ಮೊದಲ ಸಲ ಅಯ್ಯೋ ಅನ್ನಿಸಿತು. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ. ದೊಡ್ಡಮ್ಮ ಹತ್ತಿರ ಬಂದ ಮೇಲೆ ಅವರಿಗಾಗಿ ಎದ್ದಳು.

ಅಂದಿನಿಂದ ಸೆಕ್ರೆಟರಿ ಬೆಕ್ಕಿನ ಭಕ್ತನಾದ ಎಂದೇನಲ್ಲ. ಈಗಲೂ ಬೆಕ್ಕು ಕಂಡರೆ ಮೂಗು ಮುರಿಯುತ್ತಾನೆ, ಪ್ರಕಟಣೆ ಅಂಟಿಸುತ್ತಾನೆ. ಪಂಪ್‌ಹೌಸಿಗೆ ಸಂಘ ಅನುಮತಿ ಕೊಡಲಿಲ್ಲ, ಇವರು ಕೇಳಲೂ ಇಲ್ಲ. ಮನೆಯ ಬೀಗದ ಕೈ ಮಾತ್ರ ಈಗ ದೊಡ್ಡಮ್ಮನ ಸೊಂಟದಲ್ಲೂ ಒಂದಿದೆ. ಬೆಕ್ಕಿಗೆ ಊಟ ಹಾಕುವ ಸರದಿಗೆ ಯಾರಾದರೂ ಬಾರದಿದ್ದರೆ, ಇನ್ನೊಬ್ಬರು ಹೋಗಿ ಬಾಗಿಲು ತಟ್ಟುತ್ತಾರೆ. ಹಾಗೆ ತಟ್ಟಿದ್ದರಿಂದಲೇ ಪೊರಕೆಯ ಹೆಂಗಸು ಜ್ವರದಲ್ಲಿ ಪ್ರಜ್ಞೆತಪ್ಪಿ ಬಿದ್ದದ್ದು ತಿಳಿದು, ಅವಳು ಸಮಯಕ್ಕೆ ಸರಿಯಾಗಿ ಆಸ್ಪತ್ರೆ ಸೇರಿದಳು.

ಚಳಿಗಾಲದಲ್ಲಿ ದೊಡ್ಡಮ್ಮ ನಿಜವಾಗಿಯೂ ಬಿದ್ದರು. ಕೊನೆಯ ಮೆಟ್ಟಿಲಲ್ಲಿ ಕಾಲು ಜಾರಿ ಮಣಿಕಟ್ಟು ಉಳುಕಿತು. ಮರುದಿನ ಮಗ ನೇರವಾಗಿ ಕಂಡಕ್ಟರಮ್ಮನ ಬಳಿ ಬಂದ.

"ನೋಡಿದ್ರಾ? ಇದಕ್ಕೇ ನಾನು ಹೇಳಿದ್ದು. ಇನ್ನಾದ್ರೂ ಇಳೀಬೇಡಿ ಅಂತ ನೀವೇ ಅವರಿಗೆ ಹೇಳಿ."

ಕಂಡಕ್ಟರಮ್ಮನಿಗೆ ಕಸಿವಿಸಿಯಾಯಿತು. ತನ್ನಿಂದಲೇ ಇಷ್ಟೆಲ್ಲ ಆಯಿತೇನೋ ಎಂದು ಒಳಗೆ ಚುಚ್ಚುತ್ತಿತ್ತು. "ನಾನು ಹೇಳಲ್ಲ ಸಾರ್," ಎಂದಳು ಕೊನೆಗೆ. "ಕಾಲು ಅವರದು. ಬೇಕಾದ್ರೆ ಆ ಕೊನೇ ಮೆಟ್ಟಿಲಿಗೆ ಒಂದು ಕಂಬಿ ಹಾಕಿಸೋಣ, ಇಬ್ಬರೂ ಸೇರಿ."

ಅವನು ತಿರುಗಿ ಹೊರಟ. ಅಷ್ಟರಲ್ಲಿ ಪಂಪ್‌ಹೌಸಿನ ಕಡೆಯಿಂದ ಗದರುವ ದನಿ ಕೇಳಿಸಿತು. ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ದಡಿಯ ಬೆಕ್ಕೊಂದನ್ನು ತಟ್ಟೆಯಿಂದ ದೂಡುತ್ತ ದೊಡ್ಡಮ್ಮ ಹೇಳುತ್ತಿದ್ದರು: "ಆಚೆ ಹೋಗೋ, ಆ ಸಣ್ಣದು ಇನ್ನೂ ತಿಂದಿಲ್ಲ!"